ಸೀಮೆಸುಣ್ಣದ ಸೀಮೆಯಲ್ಲಿ

(ಬಾನುಲಿ ಭಾಷಣ)

ಅಧ್ಯಾಪಕನ ಕೈಯಲ್ಲಿ ಅತಿ ಹೆಚ್ಚು ಕಾಲ ಇದ್ದ ವಸ್ತು ಯಾವುದೆಂದು ಯಾರಾದರೂ ಕೇಳಿದರೆ ಪುಸ್ತಕವೆಂದು ಹೇಳುವುದು ವಾಡಿಕೆ. ನನ್ನ ಮಟ್ಟಿಗೆ ಅದು ಸೀಮೆಸುಣ್ಣ. 34 ವರ್ಷ ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ್ದೇನೆ. ಹಳಗನ್ನಡದ ಪದ್ಯವೊಂದನ್ನು ಬಿಡಿಸಬೇಕಾದಾಗ, ಗುರುಲಘುಗಳನ್ನು ಗುರುತಿಸಬೇಕಾದಾಗ, ತತ್ಸಮ ತದ್ಭವಗಳ ಪಟ್ಟಿಯನ್ನು ಬರೆಯಬೇಕಾದಾಗ ಕೈ ತಾನಾಗಿಯೇ ಮೇಜಿನ ಮೇಲಿನ ಆ ಬಿಳಿಯ ತುಂಡನ್ನು ಹುಡುಕುತ್ತಿತ್ತು. ಗಂಟೆ ಹೊಡೆದ ಮೇಲೆ ಬೆರಳುಗಳಲ್ಲಿ, ಕೋಟಿನ ತೋಳಿನಲ್ಲಿ, ಕೆಲವೊಮ್ಮೆ ಕನ್ನಡಕದ ಗಾಜಿನ ಮೇಲೂ ಅದರ ಪುಡಿ ಉಳಿದಿರುತ್ತಿತ್ತು. ಆ ಮಾತು ಎಲ್ಲಿಂದ ಬಂತೆಂದು ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆ ವಸ್ತು ಎಲ್ಲಿಂದ ಬಂತೆಂದು ಮಾತ್ರ ಒಂದು ದಿನವೂ ಯೋಚಿಸಿದವನಲ್ಲ.

ಮಾತಿನ ಕಥೆ ಸರಳವಾದುದು. 'ಸುಣ್ಣ' ಎಂಬುದು ಸಂಸ್ಕೃತದ 'ಚೂರ್ಣ' ಶಬ್ದದ ತದ್ಭವ. ಪುಡಿ ಎಂದು ಅದರ ಮೂಲಾರ್ಥ. 'ಸೀಮೆ' ಎಂದರೆ ಎಲ್ಲೆ. ಅಲ್ಲಿಂದ ಮುಂದುವರಿದು, ಒಂದು ಎಲ್ಲೆಯೊಳಗಿನ ನಾಡು. ಇಂಗ್ಲಿಷರು ಬಂದ ಮೇಲೆ ಅವರ ನಾಡೇ ಸೀಮೆ ಎನ್ನಿಸಿಕೊಂಡಿತು. ಅಲ್ಲಿಂದ ಬಂದುದಕ್ಕೂ, ಅಲ್ಲಿಂದ ಬಂದಿತೆಂದು ನಮ್ಮ ಜನ ಭಾವಿಸಿದುದಕ್ಕೂ ಈ ವಿಶೇಷಣ ಅಂಟಿಕೊಂಡಿತು: ಸೀಮೆಎಣ್ಣೆ, ಸೀಮೆಹಸು, ಸೀಮೆಬದನೆ. ಇವುಗಳಲ್ಲಿ ಸೀಮೆಬದನೆಗೆ ಇಂಗ್ಲೆಂಡಿನ ಸೋಂಕೇ ಇಲ್ಲ; ಅದು ಮೆಕ್ಸಿಕೋ ಕಡೆಯ ಬಳ್ಳಿ. ಆದರೆ ಸೀಮೆಸುಣ್ಣದ ವಿಷಯದಲ್ಲಿ ನಮ್ಮ ಹಿರಿಯರ ಮಾತು ಅಕ್ಷರಶಃ ನಿಜ. ಆ ಸೀಮೆಯ ದಕ್ಷಿಣದ ನೆಲವೇ ಬಹುಭಾಗ ಸುಣ್ಣದ್ದು. ಸಮುದ್ರ ಆ ನೆಲವನ್ನು ಕಡಿದ ಕಡೆಗಳಲ್ಲಿ ಒಳಗಿನ ಬಿಳುಪು ಗೋಡೆಗಳಾಗಿ ನಿಂತಿದೆ. ಆ ಗೋಡೆಗಳನ್ನು ನೋಡಿಬಂದ ಎರಡು ದಿನಗಳ ಅನುಭವವನ್ನು ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ನಿವೃತ್ತನಾದ ಮರುವರ್ಷ, 2019ರ ಸೆಪ್ಟೆಂಬರಿನಲ್ಲಿ, ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಬಿಳಿಯ ಬಂಡೆಗಳೆಂದರೆ ಎಲ್ಲರಿಗೂ ಮೊದಲು ನೆನಪಾಗುವ ಹೆಸರು ಡೋವರ್. ನನ್ನ ಮನಸ್ಸಿನಲ್ಲಿದ್ದುದೂ ಅದೇ. ಮಗಳು, "ಅಪ್ಪ, ಡೋವರಿಗಿಂತ ಸಸೆಕ್ಸ್ ಕಡೆಯ ಬಂಡೆಗಳು ಇನ್ನೂ ಚೆನ್ನಾಗಿವೆ. ಅಲ್ಲಿ ಬಂದರು ಇಲ್ಲ, ಲಾರಿಗಳ ಸಾಲಿಲ್ಲ. ಸಿನಿಮಾದವರು ಡೋವರ್ ತೋರಿಸಬೇಕಾದಾಗಲೂ ಎಷ್ಟೋ ಸಲ ಅಲ್ಲಿಯೇ ಚಿತ್ರ ತೆಗೆಯುತ್ತಾರಂತೆ" ಎಂದಳು. ಹೀಗೆ ನಾವು ಸೀಫರ್ಡ್ ಎಂಬ ಸಣ್ಣ ಊರಿಗೆ ಹೋಗಿ ಇಳಿದುಕೊಂಡೆವು. ನಾನು, ಮಗಳು, ಎಂಟು ವರ್ಷದ ಮೊಮ್ಮಗ.

ಮೊದಲ ದಿನ ಸಂಜೆ ಊರಿನ ಪೂರ್ವಕ್ಕಿರುವ ಸೀಫರ್ಡ್ ಹೆಡ್ ಎಂಬ ದಿಬ್ಬವನ್ನು ಹತ್ತಿದೆವು. ಹುಲ್ಲಿನ ದಾರಿ ಒಂದು ತಿರುವಿನಲ್ಲಿ ತಗ್ಗಾದಾಗ ಎದುರಿಗೆ ಆ ನೋಟ ತೆರೆದುಕೊಂಡಿತು. ಕೆಳಗೆ ಕುಕ್‌ಮಿಯರ್ ಎಂಬ ಪುಟ್ಟ ನದಿ ಸಮುದ್ರವನ್ನು ಸೇರುತ್ತದೆ. ನದೀಮುಖದ ಆಚೆಯ ದಡದಿಂದ ಪೂರ್ವಕ್ಕೆ, ಏಳುತ್ತ ಬೀಳುತ್ತ, ಒಂದರ ಪಕ್ಕದಲ್ಲೊಂದು ಬಿಳಿಯ ಗೋಡೆಗಳು. ಇವುಗಳಿಗೆ ಸೆವೆನ್ ಸಿಸ್ಟರ್ಸ್, ಅಂದರೆ ಏಳು ಮಂದಿ ಅಕ್ಕತಂಗಿಯರು ಎಂದು ಹೆಸರು. ನೆತ್ತಿಯ ಮೇಲೆ ಹಸುರು ಹುಲ್ಲು, ಅದರ ಕೆಳಗೆ, ಚಾಕುವಿನಿಂದ ಕೊಯ್ದಂತೆ, ಬಿಳುಪು, ಬುಡದಲ್ಲಿ ಸಮುದ್ರ. ಬಂಡೆಯ ಹತ್ತಿರದ ನೀರು ನೀಲಿಯಾಗಿರಲಿಲ್ಲ. ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ಸಂಜೆಯ ಬಿಸಿಲು ನೇರವಾಗಿ ಮೇಲೆ ಬಿದ್ದು ಗೋಡೆಗಳು ಮೊದಲು ಕೆನೆಯ ಬಣ್ಣಕ್ಕೂ ಆಮೇಲೆ ನಸುಗೆಂಪಿಗೂ ತಿರುಗಿದುವು. ಮಾತಿಗಾಗಿ ಬಾಯಿ ತೆರೆಯುವ ಅಭ್ಯಾಸ ನನ್ನದು. ಆ ಅರ್ಧ ಗಂಟೆ ಸುಮ್ಮನಿದ್ದೆ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಎಕ್ಸೀಟ್ ಎಂಬಲ್ಲಿ ಇಳಿದು ನದಿಯ ದಡವನ್ನೇ ಅನುಸರಿಸಿ ಕಡಲತೀರಕ್ಕೆ ನಡೆದೆವು. ಕುಕ್‌ಮಿಯರ್ ನದಿ ಹಾವಿನಂತೆ ಬಳುಕಿ ಹರಿಯುವ ಚಿತ್ರವನ್ನು ನೀವು ಎಲ್ಲಿಯಾದರೂ ನೋಡಿರಬಹುದು. ವಾಸ್ತವದಲ್ಲಿ ಈಗ ಆ ಬಳುಕುಗಳಲ್ಲಿ ಹರಿವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರವಾಹವನ್ನು ತಪ್ಪಿಸಲೆಂದು ಪಕ್ಕದಲ್ಲಿ ನೇರವಾದ ಕಾಲುವೆ ತೋಡಿ ನೀರನ್ನು ಅತ್ತ ತಿರುಗಿಸಿದರು. ಜನ ಚಿತ್ರ ತೆಗೆದುಕೊಳ್ಳುವುದು ಹಳೆಯ ನದಿಯನ್ನು. ಕೆಲಸ ಮಾಡುವುದು ಪಕ್ಕದ ಕಾಲುವೆ.

ಅಲ್ಲಿಂದ ಮೇಲೇರುವ ದಾರಿ ಮೊದಲ ಅಕ್ಕನಾದ ಹೇವನ್ ಬ್ರೋ ಎಂಬ ದಿಬ್ಬಕ್ಕೆ ಹೋಗುತ್ತದೆ. ಏಳರಲ್ಲಿ ಅದೇ ಎತ್ತರವಾದುದು, 77 ಮೀಟರು. ಅಲ್ಲಿಂದ ಬರ್ಲಿಂಗ್ ಗ್ಯಾಪ್ ಎಂಬ ಕಣಿವೆಯವರೆಗೆ ಎರಡೂವರೆ ಮೈಲಿಯ ನಡಿಗೆ. ದೂರ ಹೆಚ್ಚಿಲ್ಲ, ಆದರೆ ಒಂದು ದಿಬ್ಬವನ್ನು ಹತ್ತಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇಳಿಜಾರು, ಇಳಿದೊಡನೆ ಮತ್ತೊಂದು ಏರು. ಈ ಏರಿಳಿತಕ್ಕೆ ಕಾರಣವನ್ನು ಆಮೇಲೆ ಓದಿ ತಿಳಿದುಕೊಂಡೆ. ಸುಣ್ಣದ ನೆಲ ನೀರನ್ನು ಹೀರಿಕೊಳ್ಳುವಂಥದು. ಅದರ ಮೇಲೆ ಹಳ್ಳಗಳು ನಿಲ್ಲುವುದು ಕಷ್ಟ. ಹಿಮಯುಗದಲ್ಲಿ ಆ ನೆಲ ಹೆಪ್ಪುಗಟ್ಟಿ ಕಲ್ಲಿನಂತಾಗಿತ್ತು. ಹಿಮ ಕರಗಿದ ನೀರು ಒಳಗಿಳಿಯಲಾಗದೆ ಮೇಲೆಯೇ ಹರಿದು ಕಣಿವೆಗಳನ್ನು ಕೊರೆಯಿತು. ಚಳಿ ಕಳೆದ ಮೇಲೆ ನೀರು ನೆಲದೊಳಗಿಳಿಯಿತು, ಕಣಿವೆಗಳು ಒಣಗಿ ಉಳಿದುವು. ಅನಂತರ ಸಮುದ್ರ ಈ ಒಣಕಣಿವೆಗಳನ್ನೂ ಅವುಗಳ ನಡುವಿನ ದಿಣ್ಣೆಗಳನ್ನೂ ಅಡ್ಡಕ್ಕೆ ಕಡಿಯಿತು. ದಿಣ್ಣೆ ಇದ್ದಲ್ಲಿ ಅಕ್ಕ, ಕಣಿವೆ ಇದ್ದಲ್ಲಿ ಅಕ್ಕತಂಗಿಯರ ನಡುವಿನ ತಗ್ಗು.

ದಾರಿಯಲ್ಲಿ ಮೊಮ್ಮಗ ಮಣ್ಣಿನಿಂದ ಎದ್ದ ಒಂದು ಬಿಳಿಯ ತುಂಡನ್ನು ತಂದು, "ತಾತ, ಇದರಲ್ಲಿ ಬರೆಯಬಹುದಾ?" ಎಂದು ಕೇಳಿದ. ನನ್ನ ಕೈಗಡಿಯಾರದ ಚರ್ಮದ ಪಟ್ಟಿಯ ಮೇಲೆ ಒಂದು ಗೀಟು ಎಳೆದು ತೋರಿಸಿದೆ. ಬಿಳಿಯ ಗೆರೆ ಮೂಡಿತು. ಇದು ಏನೆಂದು ಅವನಿಗೆ ಹೇಳಬೇಕಾಯಿತು. ಹೇಳಲು ಹೊರಟಾಗ ನನಗೇ ಸರಿಯಾಗಿ ತಿಳಿಯದೆಂಬುದು ಗೊತ್ತಾಯಿತು. ಆ ಕೊರತೆಯನ್ನು ಆಮೇಲೆ ತುಂಬಿಕೊಂಡೆ.

1868ರಲ್ಲಿ ನಾರ್ವಿಚ್ ನಗರದಲ್ಲಿ ಥಾಮಸ್ ಹೆನ್ರಿ ಹಕ್ಸ್‌ಲಿ ಎಂಬ ವಿಜ್ಞಾನಿ ಕೂಲಿಕಾರರ ಸಭೆಯೊಂದರಲ್ಲಿ ಒಂದು ಭಾಷಣ ಮಾಡಿದ. ಡಾರ್ವಿನ್ನನ ಪಕ್ಷವನ್ನು ಹಿಡಿದು ವಾದಿಸಿದವನೆಂದು ನಾವು ಬಲ್ಲ ಹಕ್ಸ್‌ಲಿಯೇ ಆತ. ಆ ಭಾಷಣದ ವಿಷಯ 'ಸೀಮೆಸುಣ್ಣದ ಒಂದು ತುಂಡು'. ಬಡಗಿ ತನ್ನ ಜೇಬಿನಲ್ಲಿ ಇಟ್ಟುಕೊಳ್ಳುವ ಚೂರೊಂದನ್ನು ನೆಪ ಮಾಡಿಕೊಂಡು ಭೂಮಿಯ ಇತಿಹಾಸವನ್ನೇ ಆತ ಆ ಜನರ ಮುಂದೆ ಬಿಚ್ಚಿದ. ಅಟ್ಲಾಂಟಿಕ್ ಸಾಗರದ ತಳದಿಂದ ತೆಗೆದ ಕೆಸರಿನಲ್ಲಿ ಅತಿಸೂಕ್ಷ್ಮವಾದ ಬಿಲ್ಲೆಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಅವುಗಳಿಗೆ ಕಾಕೊಲಿತ್ ಎಂದು ಹೆಸರಿಟ್ಟವನೂ ಆತನೇ. ಅವು ಕಡಲಿನ ಮೇಲ್ಪದರದಲ್ಲಿ ತೇಲುವ ಒಂದೇ ಜೀವಕೋಶದ ಪಾಚಿಗಳು ತಮ್ಮ ಮೈಮೇಲೆ ತೊಡುವ ಸುಣ್ಣದ ಕವಚದ ಬಿಲ್ಲೆಗಳೆಂಬುದು ಈಗ ತಿಳಿದ ಸಂಗತಿ. ಪಾಚಿ ಸಾಯುತ್ತದೆ, ಬಿಲ್ಲೆ ತಳಕ್ಕೆ ಇಳಿಯುತ್ತದೆ. ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ, ಬೆಚ್ಚನೆಯ, ತಿಳಿಯಾದ ಒಂದು ಸಮುದ್ರದ ತಳದಲ್ಲಿ, ಸುಮಾರು ಎಂಟು ಒಂಬತ್ತು ಕೋಟಿ ವರ್ಷಗಳ ಹಿಂದೆ ಕುಳಿತುಕೊಂಡ ಪುಡಿಯೇ ನಮ್ಮ ಅಕ್ಕತಂಗಿಯರು. 'ಚೂರ್ಣ' ಎಂಬ ಮಾತು ಎಷ್ಟು ಹೊಂದುತ್ತದೆಂಬುದನ್ನು ಗಮನಿಸಿ. ಭೂವಿಜ್ಞಾನಿಗಳು ಆ ಯುಗಕ್ಕೆ ಇಟ್ಟ ಹೆಸರು ಕ್ರಿಟೇಷಿಯಸ್. ಲ್ಯಾಟಿನ್ನಿನಲ್ಲಿ 'ಕ್ರೇಟ' ಎಂದರೆ ಸೀಮೆಸುಣ್ಣವೇ.

ಆ ಯುಗ ಮುಗಿಯುವ ಹೊತ್ತಿಗೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ನಮ್ಮ ಕಡೆ ಬೇರೊಂದು ಬಣ್ಣದ ಕೆಲಸ ನಡೆಯುತ್ತಿತ್ತು. ದಖನ್ನಿನ ನೆಲ ಬಿರಿದು ಲಾವಾರಸ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿತು. ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಡೆಯ ಕರಿಯ ಕಲ್ಲು ಅದೇ. ಆ ಕಲ್ಲು ಸವೆದು ಆದದ್ದೇ ಜೋಳ ಹತ್ತಿಗಳ ಎರೆಭೂಮಿ. ಉತ್ತರ ಯೂರೋಪಿನ ಕಡಲತಳದಲ್ಲಿ ಬಿಳಿಯ ಸುಣ್ಣ ಕುಳಿತುಕೊಳ್ಳುವುದು ಆಗಲೂ ನಿಂತಿರಲಿಲ್ಲ. ಕರಿಯ ಹಲಗೆಯ ಮುಂದೆ ಬಿಳಿಯ ತುಂಡನ್ನು ಹಿಡಿದು ಆಯುಷ್ಯ ಕಳೆದವನಿಗೆ ಈ ವಿಷಯವನ್ನು ಓದಿದಾಗ ಸಂತೋಷವಾಯಿತೆಂದರೆ ನೀವು ಕ್ಷಮಿಸಬೇಕು.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಶಾಲೆ ಕಾಲೇಜುಗಳಿಗೆ ಈಗ ಬರುವ ಸೀಮೆಸುಣ್ಣ ಬಹುಮಟ್ಟಿಗೆ ಸೀಮೆಸುಣ್ಣವೇ ಅಲ್ಲವಂತೆ. ಅದನ್ನು ಮಾಡುವುದು ಜಿಪ್ಸಮ್ ಎಂಬ ಬೇರೊಂದು ಖನಿಜದಿಂದ; ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಸಿಕ್ಕುವುದು ರಾಜಸ್ಥಾನದಲ್ಲಿ. 34 ವರ್ಷ ನನ್ನ ಕೋಟಿಗೆ ಅಂಟಿದ್ದುದು ರಾಜಸ್ಥಾನದ ಧೂಳಿರಬೇಕು. ನಿಜವಾದ ಸೀಮೆಸುಣ್ಣವನ್ನು ನಾನು ಮೊದಲ ಸಲ ಮುಟ್ಟಿದ್ದು ನಿವೃತ್ತನಾದ ಮೇಲೆ, ಮೊಮ್ಮಗನ ಕೈಯಿಂದ.

ಮಧ್ಯಾಹ್ನದ ಹೊತ್ತಿಗೆ ನಾವು ಕೊನೆಯ ದಿಬ್ಬವಾದ ವೆಂಟ್ ಹಿಲ್ಲಿಗೆ ಬಂದೆವು. ಗಾಳಿ ಬಲವಾಗಿತ್ತು, ಬಿಸಿಲು ಹಿತವಾಗಿತ್ತು. ಕುರಿಗಳು ಮೇದು ಮೇದು ಹುಲ್ಲು ಕಂಬಳಿಯಂತಾಗಿತ್ತು. ಒಂದು ಮರದ ಗೂಟದ ಹತ್ತಿರ, ಸಮುದ್ರಕ್ಕೆ ಮುಖ ಮಾಡಿ ಕುಳಿತು, ಮಗಳು ಕಟ್ಟಿ ತಂದಿದ್ದ ಚಿತ್ರಾನ್ನವನ್ನು ತಿಂದೆವು. ದಾರಿಯುದ್ದಕ್ಕೂ ಅಂಚಿನ ಬಳಿಗೆ ಹೋಗಬಾರದೆಂಬ ಫಲಕಗಳಿದ್ದುವು, ನಾವೂ ಓದಿದ್ದೆವು. ನಾವು ಕುಳಿತದ್ದು ಅಂಚಿನಿಂದ ಐದಾರು ಹೆಜ್ಜೆ ಈಚೆಗೆ. ಐದಾರು ಹೆಜ್ಜೆ ಸಾಕೆಂದು ನನ್ನ ಎಣಿಕೆ. ಕೆಳಗಿನ ನೆಲ ಗಟ್ಟಿಯಾಗಿಯೇ ಇತ್ತು. ಮೊಮ್ಮಗ ಎರಡು ಸಲ ಎದ್ದು ಇನ್ನಷ್ಟು ಮುಂದಕ್ಕೆ ಹೋಗಿ ಹಕ್ಕಿಗಳನ್ನು ನೋಡಿ ಬಂದ. ನಾನು ಕೂತಲ್ಲಿಂದಲೇ, "ಸಾಕು ಮರಿ, ಬಾ" ಎಂದೆ. ಎದ್ದು ಹೋಗಿ ಕರೆದು ತರಲಿಲ್ಲ.

ಊಟವಾದ ಮೇಲೆ ಇಳಿದು ಬರ್ಲಿಂಗ್ ಗ್ಯಾಪ್ ಸೇರಿದೆವು. ಅಲ್ಲಿ ಬಂಡೆಯ ಎತ್ತರ ಕಡಿಮೆ. ತೀರಕ್ಕೆ ಇಳಿಯಲು ಉಕ್ಕಿನ ಮೆಟ್ಟಿಲನ್ನು ಕಟ್ಟಿದ್ದರು. ಬಂಡೆ ಹಿಂದಕ್ಕೆ ಸರಿದಂತೆ ಮೆಟ್ಟಿಲನ್ನೂ ಹಿಂದಕ್ಕೆ ಸರಿಸುತ್ತ ಬರಬೇಕಂತೆ. ಇಳಿತದ ಸಮಯ. ಸಮುದ್ರ ದೂರ ಸರಿದು ಬುಡದಲ್ಲಿ ಚಪ್ಪಟೆಯಾದ ಸುಣ್ಣದ ಹಾಸು ಕಾಣುತ್ತಿತ್ತು. ಅದು ಹಿಂದೆಂದೋ ಇದ್ದ ಬಂಡೆಯ ಬುಡ. ಬಂಡೆಯಿಂದ ದೂರವನ್ನು ಕಾಯ್ದುಕೊಂಡು ಪಶ್ಚಿಮಕ್ಕೆ ಸ್ವಲ್ಪ ನಡೆದು ಹಿಂದಿರುಗಿ ಮೇಲಕ್ಕೆ ನೋಡಿದೆ. ನಾವು ಕುಳಿತಿದ್ದ ಗೂಟ ಕಂಡಿತು. ಅದರ ಮುಂದಿನ ಹುಲ್ಲಿನ ಅಂಚು ಗಾಳಿಗೆ ತೂಗುತ್ತಿತ್ತು. ಆ ಹುಲ್ಲಿನ ಕೆಳಗೆ ಏನೂ ಇರಲಿಲ್ಲ. ಬೇರುಗಳ ಬಲದಿಂದ ಒಂದು ಮಣ್ಣಿನ ತೊಲೆ ಆಕಾಶಕ್ಕೆ ಚಾಚಿಕೊಂಡಿತ್ತು. ಅದರ ಕೆಳಗೆ ಗೋಡೆ ಒಳಕ್ಕೆ ಸರಿದುಹೋಗಿತ್ತು. ಗೂಟದ ಹಿಂದಿನಿಂದ ಇಳಿದಂತೆ ಒಂದು ಬಿರುಕು ಕೆಳಗಿನವರೆಗೂ ಬಂದಿತ್ತು. ಹುಡುಗ ನಿಂತು ಹಕ್ಕಿಗಳನ್ನು ನೋಡಿದ್ದು ಆ ತೊಲೆಯ ಮೇಲೆ.

ಮಗಳೂ ನೋಡಿದಳು. ಇಬ್ಬರೂ ಮಾತಾಡಲಿಲ್ಲ. ಅವಳು ಮಗನ ಕೈಯನ್ನು ಹಿಡಿದುಕೊಂಡಳು, "ಯಾಕಮ್ಮ?" ಎಂದು ಅವನು ಕೇಳಿದ್ದಕ್ಕೆ ಉತ್ತರ ಹೇಳಲಿಲ್ಲ. ಚಿತ್ರ ತೆಗೆಸಿಕೊಳ್ಳಲೆಂದು ಆ ಅಂಚಿಗೆ ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಕೆಳಗೆ ನೆರಳಿನಲ್ಲಿ ಕುಳಿತವರ ಮೇಲೆ ಬಂಡೆ ಬೀಳುವ ಭಯವೂ ಇದೆ. ಇವೆಲ್ಲವನ್ನೂ ಫಲಕಗಳು ಹೇಳಿದ್ದುವು. ಓದಿದ್ದು ನಾವೇ.

ನನಗೆ ಆಗ ನೆನಪಾದದ್ದು ಷೇಕ್ಸ್‌ಪಿಯರನ 'ಕಿಂಗ್ ಲಿಯರ್' ನಾಟಕ. ನಾಲ್ಕನೆಯ ಅಂಕದಲ್ಲಿ, ಕಣ್ಣುಗಳನ್ನು ಕಳೆದುಕೊಂಡ ಮುದುಕ ಗ್ಲಾಸ್ಟರ್ ಡೋವರಿನ ಬಂಡೆಯಿಂದ ಬಿದ್ದು ಸಾಯಬೇಕೆಂದು ಹೊರಡುತ್ತಾನೆ. ಅವನ ಕೈಹಿಡಿದು ನಡೆಸುವವನು ವೇಷ ಮರೆಸಿಕೊಂಡ ಅವನ ಮಗ ಎಡ್ಗರ್. ಸಮತಟ್ಟಾದ ನೆಲದ ಮೇಲೆ ತಂದೆಯನ್ನು ನಿಲ್ಲಿಸಿ, ನೀನೀಗ ಬಂಡೆಯ ತುದಿಯಲ್ಲಿದ್ದೀಯೆ ಎಂದು ನಂಬಿಸುತ್ತಾನೆ. ಕಣ್ಣಿಗೆ ಕಾಣುವಂತೆ ಆಳವನ್ನು ವರ್ಣಿಸುತ್ತಾನೆ. ಮುದುಕ ಮುಂದಕ್ಕೆ ಬೀಳುತ್ತಾನೆ. ಬಿದ್ದರೂ ಬದುಕಿದೆನೆಂಬ ವಿಸ್ಮಯದಿಂದ ಮತ್ತೆ ಬದುಕಲು ಒಪ್ಪುತ್ತಾನೆ. ನಾಟಕದಲ್ಲಿ ಬಂಡೆಯೇ ಇಲ್ಲ; ಆದರೂ ಡೋವರಿನ ಒಂದು ಬಂಡೆಗೆ ಜನ ಷೇಕ್ಸ್‌ಪಿಯರನ ಹೆಸರನ್ನೇ ಇಟ್ಟಿದ್ದಾರೆ. ಕುರುಡನಾದ ಗ್ಲಾಸ್ಟರ್ ಸಮತಟ್ಟಿನಲ್ಲಿ ನಿಂತು ಪ್ರಪಾತದ ಅಂಚಿನಲ್ಲಿದ್ದೇನೆಂದು ತಿಳಿದ. ಕಣ್ಣಿದ್ದ ನಾನು ಪ್ರಪಾತದ ಅಂಚಿನಲ್ಲಿ ಕುಳಿತು ಸಮತಟ್ಟಿನಲ್ಲಿದ್ದೇನೆಂದು ತಿಳಿದೆ. ಅವನ ಕೈಯನ್ನು ಹಿಡಿದ ಮಗನಿದ್ದ. ನಾನು ಹಿಡಿಯಬೇಕಾಗಿದ್ದ ಕೈಯನ್ನು ಹಿಡಿದಿರಲಿಲ್ಲ.

ಮನಸ್ಸು ಸ್ವಲ್ಪ ತಿಳಿಯಾಗಲೆಂದು ತೀರದಲ್ಲಿ ಕುಳಿತೆವು. ನಮ್ಮ ಮಲ್ಪೆಯ, ಗೋಕರ್ಣದ ಮರಳಿನಂತಲ್ಲ ಅಲ್ಲಿಯ ತೀರ. ಕಾಲಿಗೆ ಸಿಕ್ಕುವುದೆಲ್ಲ ನುಣ್ಣಗಾದ ಗುಂಡುಗಲ್ಲುಗಳು. ಬೂದು, ಕಪ್ಪು, ಕಂದು. ಅವು ಫ್ಲಿಂಟ್ ಎಂಬ ಕಲ್ಲುಗಳು. ಬಿಳಿಯ ಗೋಡೆಯ ಉದ್ದಕ್ಕೂ ಅಡ್ಡಗೆರೆ ಎಳೆದಂತೆ ಕಾಣುವ ಕಪ್ಪು ಸಾಲುಗಳು ಇವೇ. ಆದಿಮಾನವರು ಕೊಡಲಿ, ಬಾಣದ ಮೊನೆಗಳನ್ನು ಮಾಡಿಕೊಂಡದ್ದು ಈ ಕಲ್ಲಿನಿಂದ. ಆ ಸೀಮೆಯ ಹಳೆಯ ಇಗರ್ಜಿಗಳ ಗೋಡೆಗಳೂ ಇದರಿಂದಲೇ ಆದವು. ಬಂಡೆ ಬಿದ್ದಾಗ ಮೆತ್ತನೆಯ ಸುಣ್ಣ ನೀರಿನಲ್ಲಿ ಕರಗಿಹೋಗುತ್ತದೆ. ಫ್ಲಿಂಟ್ ಉಳಿದು, ಉರುಳಿ, ಗುಂಡಾಗುತ್ತದೆ. ಅಲೆ ಹಿಂದಕ್ಕೆ ಸರಿಯುವಾಗ ಸಾವಿರಾರು ಕಲ್ಲುಗಳು ಒಂದರ ಮೇಲೊಂದು ಉರುಳುವ ಸದ್ದು ಅಕ್ಕಿಯನ್ನು ಮೊರದಲ್ಲಿ ಕೇರುವ ಸದ್ದಿನಂತೆ ಕೇಳುತ್ತದೆ. 1867ರಲ್ಲಿ ಪ್ರಕಟವಾದ ಮ್ಯಾಥ್ಯೂ ಆರ್ನಲ್ಡನ 'ಡೋವರ್ ಬೀಚ್' ಕವಿತೆಯನ್ನು ಇಂಗ್ಲಿಷ್ ತರಗತಿಯಲ್ಲಿ ಓದಿದವರಿಗೆ ಆ ಸದ್ದಿನ ನೆನಪಿರಬಹುದು. ಮರಳಿನ ತೀರವನ್ನೇ ಕಂಡಿದ್ದ ನನಗೆ ವಿದ್ಯಾರ್ಥಿಯಾಗಿದ್ದಾಗ ಅದು ತಿಳಿದಿರಲಿಲ್ಲ. ಕಡಲತೀರ ಅಷ್ಟೊಂದು ಸದ್ದು ಮಾಡುತ್ತದೆಂದು ನಂಬಲು ಆ ಕಲ್ಲುಗಳ ಮೇಲೆ ಕೂರಬೇಕಾಯಿತು.

ಈ ಕಲ್ಲುಗಳಿಗೂ ಬಂಡೆಗೂ ಒಂದು ಸಂಬಂಧವಿದೆ. ಬಂಡೆ ಬಿದ್ದು ತೀರವನ್ನು ಕಟ್ಟುತ್ತದೆ. ತೀರ ಅಲೆಯ ಹೊಡೆತವನ್ನು ತಾನು ತಿಂದು ಬಂಡೆಯನ್ನು ಕಾಯುತ್ತದೆ. ಕಲ್ಲುಗಳ ಹಾಸು ದಪ್ಪವಾಗಿದ್ದರೆ ಬಂಡೆ ನಿಧಾನವಾಗಿ ಸವೆಯುತ್ತದೆ, ತೆಳ್ಳಗಾದರೆ ಬೇಗ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೇ ಕರಾವಳಿಯ ಬೀಚಿ ಹೆಡ್ ಮತ್ತು ಹೋಪ್ ಗ್ಯಾಪ್ ಎಂಬ ಎರಡು ಕಡೆಗಳನ್ನು ಪರೀಕ್ಷಿಸಿತು. ಕಳೆದ ಹಲವು ಸಾವಿರ ವರ್ಷಗಳ ಕಾಲ ಬಂಡೆ ವರ್ಷಕ್ಕೆ 2ರಿಂದ 6 ಸೆಂಟಿಮೀಟರಿನಂತೆ ಹಿಂದೆ ಸರಿದಿತ್ತು. ಕಳೆದ 150 ವರ್ಷಗಳಲ್ಲಿ ಅದು ವರ್ಷಕ್ಕೆ 22ರಿಂದ 32 ಸೆಂಟಿಮೀಟರಿಗೆ ಏರಿದೆ. ತೀರದ ಕಲ್ಲುಗಳ ಹಾಸು ತೆಳುವಾದುದೇ ಇದಕ್ಕೆ ಮುಖ್ಯ ಕಾರಣವಿರಬೇಕೆಂದು ಆ ವಿಜ್ಞಾನಿಗಳ ಅಭಿಪ್ರಾಯ. ಕಲ್ಲುಗಳು ಅಲೆಯೊಡನೆ ತೀರದುದ್ದಕ್ಕೂ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತಿರುತ್ತವೆ. ಊರುಗಳನ್ನು ಉಳಿಸಿಕೊಳ್ಳಲು ಒಂದು ಕಡೆ ಗೋಡೆ, ಅಡ್ಡಗಟ್ಟೆಗಳನ್ನು ಕಟ್ಟಿದರೆ ಕಲ್ಲುಗಳು ಅಲ್ಲಿಯೇ ತಡೆದು ನಿಲ್ಲುತ್ತವೆ. ಮುಂದಿನ ತೀರ ಬರಿದಾಗುತ್ತದೆ. ಉಳ್ಳಾಲ, ಸೋಮೇಶ್ವರಗಳ ಕಡಲ್ಕೊರೆತದ ಸುದ್ದಿಯನ್ನು ಪ್ರತಿ ಮಳೆಗಾಲವೂ ಓದುವ ನಮಗೆ ಇದು ಹೊಸ ಮಾತಲ್ಲ. ಒಬ್ಬರ ಮನೆಯ ಮುಂದೆ ಸುರಿದ ಬಂಡೆಗಲ್ಲು ಪಕ್ಕದವರ ಹಿತ್ತಿಲಿಗೆ ಅಲೆಯನ್ನು ಕಳಿಸಬಹುದು.

ಬರ್ಲಿಂಗ್ ಗ್ಯಾಪಿನಲ್ಲಿ ಕರಾವಳಿ ಕಾವಲುಗಾರರಿಗೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಮನೆಗಳ ಒಂದು ಸಾಲಿದೆ. ಕಟ್ಟಿದಾಗ ಅಂಚು ಎಷ್ಟೋ ದೂರದಲ್ಲಿತ್ತು. ಅಂಚು ಹತ್ತಿರ ಬಂದಂತೆ ಸಾಲಿನ ತುದಿಯ ಮನೆಗಳನ್ನು ಒಂದೊಂದಾಗಿ ಕೆಡವಬೇಕಾಯಿತು. 2013-14ರ ಚಳಿಗಾಲದ ಬಿರುಗಾಳಿಗಳಲ್ಲಿ ಸುಮಾರು ಏಳು ವರ್ಷಗಳ ಸವೆತ ಎರಡೇ ತಿಂಗಳಲ್ಲಿ ಆಯಿತು. 2014ರಲ್ಲಿ ಇನ್ನೊಂದು ಮನೆ ಹೋಯಿತು. ಆ ಸ್ಥಳವನ್ನು ನೋಡಿಕೊಳ್ಳುವುದು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ. ಗೋಡೆ ಕಟ್ಟಿ ಸಮುದ್ರವನ್ನು ತಡೆಯಬಾರದು, ಬಂಡೆಯನ್ನು ಅದರ ಪಾಡಿಗೆ ಬಿಡಬೇಕು ಎಂಬುದು ಅಲ್ಲಿಯ ನೀತಿ. ಮನೆ ಇದ್ದವರಿಗೆ ಇದು ಸುಲಭವಾಗಿ ಒಪ್ಪುವ ಮಾತೇ?

ಮೇಲೆ ಬಂದಾಗ ಬೆಂಚಿನ ಮೇಲೆ ಒಬ್ಬ ವೃದ್ಧೆ ಕುಳಿತಿದ್ದರು. ಮಗಳು ಮಾತಿಗೆ ತೊಡಗಿದಳು. ಅವರು ಚಿಕ್ಕವರಿದ್ದಾಗ ಬೇಸಗೆಯಲ್ಲಿ ಅಲ್ಲಿಗೆ ಬರುತ್ತಿದ್ದರಂತೆ. ಹೊರಗೆ ಹುಲ್ಲಿನ ಮೇಲೆ ಮೇಜು ಹಾಕಿ ಚಹಾ ಕುಡಿಯುತ್ತಿದ್ದರಂತೆ. "ಎಲ್ಲಿ?" ಎಂದು ಮಗಳು ಕೇಳಿದಳು. ಅವರು ಕೈಯೆತ್ತಿ ತೋರಿಸಿದ್ದು ಅಂಚಿನ ಆಚೆಗೆ, ಬರಿಯ ಗಾಳಿಯ ಕಡೆಗೆ. ಅಲ್ಲಿ ಆಗ ಒಂದು ಕಡಲಹಕ್ಕಿ ತೇಲುತ್ತಿತ್ತು. ಗೋಡೆ ಕಟ್ಟಬೇಕಾಗಿತ್ತೆಂದು ಅವರಿಗೆ ಅನ್ನಿಸುತ್ತದೆಯೇ ಎಂದು ಕೇಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲು ಹಾಗೆ ಅನ್ನಿಸುತ್ತಿತ್ತು, ಈಗ ಯಾವ ಮಾತನ್ನೂ ಗಟ್ಟಿಯಾಗಿ ಹೇಳಲಾರೆ ಎಂದರು. ಆ ಉತ್ತರಕ್ಕಿಂತ ಪ್ರಾಮಾಣಿಕವಾದ ಉತ್ತರವನ್ನು ನಾನೂ ಕೊಡಲಾರೆ.

ಅಲ್ಲಿಂದ ಪೂರ್ವಕ್ಕೆ ದಿಬ್ಬದ ಮೇಲೆ ಒಂದು ಹಳೆಯ ದೀಪಸ್ತಂಭ ಕಾಣುತ್ತದೆ. ಬೆಲ್ ಟೂಟ್ ಎಂದು ಅದರ ಹೆಸರು. 1834ರಿಂದ ಅದು ಹಡಗುಗಳಿಗೆ ದಾರಿ ತೋರಿಸುತ್ತಿತ್ತು. ಬಂಡೆಯ ನೆತ್ತಿಯಲ್ಲಿದ್ದುದರಿಂದ ಮಂಜು ಕವಿದಾಗ ದೀಪ ಕಾಣುತ್ತಿರಲಿಲ್ಲ. 1902ರಲ್ಲಿ ಬೀಚಿ ಹೆಡ್ ಬಂಡೆಯ ಕೆಳಗೆ, ಸಮುದ್ರದೊಳಗೇ, ಕೆಂಪು ಬಿಳಿ ಪಟ್ಟೆಗಳ ಹೊಸ ದೀಪಸ್ತಂಭ ಬಂದಿತು. ಹಳೆಯದು ವಾಸದ ಮನೆಯಾಯಿತು. ಬೀಚಿ ಹೆಡ್ 162 ಮೀಟರಿನ ಬಂಡೆ. ಬ್ರಿಟನ್ನಿನ ಸುಣ್ಣದ ಕಡಲಬಂಡೆಗಳಲ್ಲಿ ಅದೇ ಎತ್ತರವಾದುದು. 1999ರಲ್ಲಿ, ಅಂಚು ತೀರ ಹತ್ತಿರ ಬಂದಾಗ, ಬೆಲ್ ಟೂಟಿನ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ, ಜಾರುವ ತೊಲೆಗಳ ಮೇಲೆ 17 ಮೀಟರು ಹಿಂದಕ್ಕೆ ತಳ್ಳಿ ನಿಲ್ಲಿಸಿದರು. ಸಮುದ್ರದೊಡನೆ ಜಗಳವಾಡದೆ, ಸೋಲನ್ನೂ ಒಪ್ಪದೆ, ಅಷ್ಟು ದೂರ ಹಿಂದೆ ಸರಿದು ಕುಳಿತ ಆ ಕಟ್ಟಡ ನನಗೆ ಬಹಳ ಹಿಡಿಸಿತು. ಮುಂದೆಂದಾದರೂ ಮತ್ತೆ ಸರಿಯಬೇಕಾದೀತು.

ಈ ಬಂಡೆಗಳು ಬಿಳಿಯಾಗಿರುವುದಕ್ಕೆ ಕಾರಣವೇ ಅವು ಬೀಳುತ್ತಿರುವುದು ಎಂಬುದನ್ನು ನಾನು ಕೊನೆಗೆ ಅರ್ಥ ಮಾಡಿಕೊಂಡೆ. ಮಳೆಗಾಳಿಗೆ ಒಡ್ಡಿದ ಸುಣ್ಣದ ಮುಖ ಬಹುಕಾಲ ಬಿಳಿಯಾಗಿ ನಿಲ್ಲುವುದಿಲ್ಲ. ಪಾಚಿ, ಹುಲ್ಲು, ಪೊದೆಗಳು ಹಬ್ಬಿ ಹಸುರು ಬೂದಿಗೆ ತಿರುಗುತ್ತದೆ. ಬಂದರು, ರಸ್ತೆ, ಗೋಡೆಗಳು ಅಡ್ಡ ಬಂದು ಅಲೆ ಬುಡವನ್ನು ಮುಟ್ಟದಂತಾದ ಕಡೆಗಳಲ್ಲಿ ಹಾಗೆಯೇ ಆಗುತ್ತದೆ. ಅಲೆ ಬುಡವನ್ನು ಕೊರೆದು ಹಳೆಯ ಮುಖವನ್ನು ಬೀಳಿಸುವ ಕಡೆ ಮಾತ್ರ ಒಳಗಿನ ಹೊಸ ಬಿಳುಪು ಮತ್ತೆ ಮತ್ತೆ ಹೊರಗೆ ಬರುತ್ತದೆ. ಗೋಡೆ ಕಟ್ಟಿ ಅಕ್ಕತಂಗಿಯರನ್ನು ಉಳಿಸಿದರೆ ಉಳಿಯುವುದು ಬೇರೊಂದು ಬಣ್ಣದ ಗುಡ್ಡ. ಜನ ನೋಡಲು ಬರುವುದು ಯಾವುದನ್ನೋ ಅದು ಅಲ್ಲಿರುವುದಿಲ್ಲ.

ಇದರಿಂದ ದೊಡ್ಡ ನೀತಿಯೊಂದನ್ನು ತೆಗೆಯುವ ಆಸೆ ಅಧ್ಯಾಪಕನಿಗೆ ಸಹಜ. ಭಾಷೆಯೂ ಹೀಗೆಯೇ, ಸಂಪ್ರದಾಯವೂ ಹೀಗೆಯೇ ಎಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಚಹಾದ ಮೇಜು ಇದ್ದ ಜಾಗವನ್ನು ಗಾಳಿಯಲ್ಲಿ ತೋರಿಸಿದ ಆ ವೃದ್ಧೆಯ ಕೈ ಕಣ್ಣ ಮುಂದಿರುವಾಗ ಬೀಳುವುದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಎಲ್ಲವನ್ನೂ ಹಿಡಿದಿಡಬೇಕೆಂದೂ ಹೇಳಲಾರೆ. ಯಾವುದಕ್ಕೆ ಗೋಡೆ, ಯಾವುದಕ್ಕೆ 17 ಮೀಟರಿನ ಹಿನ್ನಡೆ, ಯಾವುದಕ್ಕೆ ಸುಮ್ಮನೆ ನಮಸ್ಕಾರ ಎಂಬುದನ್ನು ಆಯಾ ಸ್ಥಳದಲ್ಲಿ ನಿಂತು, ಕೆಳಗಿನಿಂದಲೂ ಒಮ್ಮೆ ನೋಡಿ, ನಿರ್ಧರಿಸಬೇಕು. ಮೇಲಿನಿಂದ ಮಾತ್ರ ನೋಡಿದವನಿಗೆ ತನ್ನ ನೆಲ ಎಷ್ಟು ಗಟ್ಟಿ ಎಂಬುದು ತಿಳಿಯುವುದಿಲ್ಲ. ಇಷ್ಟನ್ನು ಮಾತ್ರ ನಾನು ಅನುಭವದಿಂದ ಹೇಳಬಲ್ಲೆ.

ತೀರವನ್ನು ಬಿಡುವ ಮುನ್ನ ಮೊಮ್ಮಗ ಜೇಬಿನಿಂದ ತನ್ನ ಸುಣ್ಣದ ತುಂಡನ್ನು ತೆಗೆದು, ಕಪ್ಪಾದ ಒಂದು ಫ್ಲಿಂಟ್ ಕಲ್ಲಿನ ಮೇಲೆ ಏನಾದರೂ ಬರೆದುಕೊಡು ಎಂದಿದ್ದ. 'ಅ' ಎಂದು ಬರೆದೆ. ಕಪ್ಪಿನ ಮೇಲೆ ಬಿಳುಪು ಚೆನ್ನಾಗಿ ಮೂಡಿತು. ಅವನು ಅದರ ಪಕ್ಕದಲ್ಲಿ ಸೊಟ್ಟಗೆ ಇನ್ನೊಂದು 'ಅ' ಬರೆದ. ಕಲ್ಲನ್ನು ಮನೆಗೆ ಒಯ್ಯೋಣವೆಂದು ಹಟ ಹಿಡಿದ. ತೀರದ ಕಲ್ಲುಗಳನ್ನು ಒಯ್ಯಬಾರದೆಂದು ಆ ದೇಶದಲ್ಲಿ 1949ರ ಕಾಯಿದೆಯೇ ಇದೆ. ಒಬ್ಬನ ಜೇಬಿನ ಒಂದು ಕಲ್ಲು ಏನೂ ಅಲ್ಲ, ಬರುವವರೆಲ್ಲರ ಜೇಬೂ ಸೇರಿದರೆ ತೀರವೇ ಬರಿದಾಗುತ್ತದೆ ಎಂದು ಮಗಳು ಅವನಿಗೆ ತಿಳಿಸಿ ಹೇಳಿದಳು. ಒಲ್ಲದ ಮನಸ್ಸಿನಿಂದ ಒಪ್ಪಿದ. ಕಲ್ಲನ್ನು ಮೊದಲಿದ್ದ ಜಾಗದಲ್ಲಿಯೇ ಇಟ್ಟೆವು, ಅಕ್ಷರಗಳು ಮೇಲಕ್ಕೆ ಕಾಣುವಂತೆ. ಉಬ್ಬರ ಬರುವುದಕ್ಕೆ ಇನ್ನೆರಡು ಗಂಟೆಯಿತ್ತು.

ಮೆಟ್ಟಿಲು ಹತ್ತುವಾಗ ಅವನ ಕೈಯನ್ನು ನಾನು ಹಿಡಿದುಕೊಂಡಿದ್ದೆ. ಮೇಲೆ ಬಂದು ಬಿಟ್ಟಾಗ ಇಬ್ಬರ ಅಂಗೈಯಲ್ಲೂ ಬಿಳಿಯ ಪುಡಿ ಅಂಟಿತ್ತು.